ನಿಧಾನಕ್ಕೆ ನಿದಾನ

ಕನ್ನಡದಲ್ಲಿ ‘ನಿಧಾನ’ ಎಂಬುದು ಬಹು ವಿಚಿತ್ರವಾದ ಶಬ್ದ. ಸಂಸ್ಕೃತದಲ್ಲಿ ಅದಕ್ಕೆ ನಿಕ್ಷೇಪ, ನಿಧಿ ಎಂದು ಅರ್ಥ. ನಮ್ಮ ಬಾಯಿಗೆ ಬಂದ ಮೇಲೆ ಅದು ಆಮೆಯ ನಡಿಗೆಗೂ, ಸರಕಾರಿ ಕಡತದ ಓಟಕ್ಕೂ, ಹಿರಿಯರು ಕಿರಿಯರಿಗೆ ಹೇಳುವ ಬುದ್ಧಿಮಾತಿಗೂ ಸಮಾನವಾಗಿ ಒದಗುವ ಮಾತಾಯಿತು. ಅದರ ಪಕ್ಕದಲ್ಲಿಯೇ, ಒಂದು ಮಹಾಪ್ರಾಣದ ಅಂತರದಲ್ಲಿ, ‘ನಿದಾನ’ ಎಂಬ ಇನ್ನೊಂದು ಶಬ್ದವಿದೆ. ಅದಕ್ಕೆ ಮೂಲಕಾರಣವೆಂದು ಅರ್ಥ. ಆಯುರ್ವೇದದವರಿಗೆ ಅದು ರೋಗದ ಹೇತುವನ್ನು ಗೊತ್ತುಮಾಡುವ ಶಾಸ್ತ್ರ. ಮಾಧವಕರನ ಗ್ರಂಥವನ್ನು ವೈದ್ಯರು ‘ಮಾಧವನಿದಾನ’ವೆಂದೇ ಕರೆಯುತ್ತಾರೆ. ಪದವಿ ತರಗತಿಯ ಹುಡುಗರು ಉತ್ತರ ಪತ್ರಿಕೆಗಳಲ್ಲಿ ಇವೆರಡನ್ನೂ ಅದಲುಬದಲು ಮಾಡಿದಾಗ ನಾನು ಕೆಂಪು ಗೆರೆ ಎಳೆಯುತ್ತೇನೆ. ಆದರೆ 2025ರಿಂದೀಚೆಗೆ ಹಾಗೆ ಎಳೆಯುವಾಗ ಕೈ ಕೊಂಚ ತಡೆಯುತ್ತದೆ. ಏಕೆಂದರೆ ಈ ಎರಡು ಶಬ್ದಗಳೂ ಅವುಗಳ ಮೂರು ಅರ್ಥಗಳೂ ನಮ್ಮ ಮನೆಯ ಮೇಜಿನ ಮೇಲೆ, ಒಂದೇ ಲ್ಯಾಪ್‌ಟಾಪಿನೊಳಗೆ, ಕೂಡಿ ಬಾಳುತ್ತಿದ್ದುದನ್ನು ನಾನು ಕಂಡಿದ್ದೇನೆ.

ಯಂತ್ರ 2016ರಲ್ಲಿ ಕೊಂಡದ್ದು. ಹೊಸತರಲ್ಲಿ, ಮುಚ್ಚಳ ತೆರೆದು ಕನ್ನಡಕ ಒರೆಸಿಕೊಳ್ಳುವುದರೊಳಗೆ ಸಿದ್ಧವಾಗಿ ನಿಲ್ಲುತ್ತಿತ್ತು. 2025ರ ಬೇಸಗೆಯ ಹೊತ್ತಿಗೆ ಗುಂಡಿಯನ್ನೊತ್ತಿ, ನಲ್ಲಿಯ ನೀರು ಹಿಡಿದು, ಸ್ನಾನ ಮುಗಿಸಿ, ಕಾಫಿ ಕುಡಿದು ಬಂದರೂ ಪರದೆಯ ಮೇಲೆ ಸಣ್ಣ ಚುಕ್ಕೆಗಳು ಪ್ರದಕ್ಷಿಣೆ ಹಾಕುತ್ತಲೇ ಇರುತ್ತಿದ್ದುವು. ನಾನು ಹೊಸಪೇಟೆಯಲ್ಲಿದ್ದುಕೊಂಡು ಸಂಡೂರಿನ ಕಾಲೇಜಿಗೆ ಹೋಗಿ ಬರುವವನು. ಆಂತರಿಕ ಪರೀಕ್ಷೆಯ ಅಂಕಗಳನ್ನು ತುಂಬಲು ಕಡೆಯ ದಿನವಾಗಿದ್ದ ಒಂದು ಬೆಳಗ್ಗೆ ನನ್ನಾಕೆ, “ರೀ, ನೀವು ಬಸ್ಸಿನಲ್ಲಿ ಸಂಡೂರಿಗೆ ಹೋಗಿ, ಕೈಯಲ್ಲೇ ಅಂಕ ಬರೆದುಕೊಟ್ಟು ಬನ್ನಿ. ಅಷ್ಟು ಹೊತ್ತಿಗೆ ಇದಕ್ಕೂ ಎಚ್ಚರವಾಗಿರುತ್ತದೆ” ಎಂದಳು. ಅವಳ ಮಾತಿನಲ್ಲಿ ಉತ್ಪ್ರೇಕ್ಷೆ ಇತ್ತಾದರೂ ಬಹಳ ಇರಲಿಲ್ಲ.

ಯಂತ್ರಕ್ಕೆ ಕಾಯಿಲೆಯೆಂದು ಸುದ್ದಿಯಾದದ್ದೇ ತಡ, ನಮ್ಮ ಅಧ್ಯಾಪಕರ ಕೊಠಡಿಯಲ್ಲಿ ವೈದ್ಯರಿಗೆ ಬರವಿಲ್ಲವೆಂಬುದು ಗೊತ್ತಾಯಿತು. ಅರ್ಥಶಾಸ್ತ್ರದವರು, “ಒಂಬತ್ತು ವರ್ಷ ದುಡಿಸಿದ್ದೀರಿ. ಸವಕಳಿಯ ಲೆಕ್ಕದಲ್ಲಿ ಅದರ ಬೆಲೆ ಸೊನ್ನೆ, ಬಿಸಾಡಿ” ಎಂದರು. ರಸಾಯನಶಾಸ್ತ್ರದವರು ಲಕ್ಷಣ ಕೇಳುವುದಕ್ಕೆ ಮೊದಲೇ “ವೈರಸ್” ಎಂದು ತೀರ್ಪು ಕೊಟ್ಟರು. ಚರಿತ್ರೆಯ ಮಿತ್ರರೊಬ್ಬರು ಮಾತ್ರ ಹಳೆಯದರ ಪರ. ಆದರೆ ಅವರಿಗೆ ಹಳೆಯದು ಕೆಲಸ ಮಾಡಲೇಬೇಕೆಂಬ ಹಟವಿಲ್ಲ. ಪರದೆಯ ಮೇಲೆಯೂ ವೈದ್ಯರಿದ್ದರು. ನಿಮ್ಮ ಗಣಕವನ್ನು ಕ್ಷಣಮಾತ್ರದಲ್ಲಿ ಚುರುಕುಗೊಳಿಸುತ್ತೇವೆಂದು ಮಿನುಗುವ ಜಾಹೀರಾತುಗಳವು. ಜಾತ್ರೆಯಲ್ಲಿ ಒಂದೇ ಸೀಸೆಯಿಂದ ಹಲ್ಲುನೋವಿಗೂ ಮೂಲವ್ಯಾಧಿಗೂ ಮದ್ದು ಮಾರುವವರ ವಂಶಸ್ಥರು! ಇವರನ್ನು ಒಳಗೆ ಬಿಟ್ಟುಕೊಂಡರೆ ಚುರುಕುಗೊಳಿಸಲು ಬಂದವನೇ ಇನ್ನೊಂದು ಹೊರೆಯಾಗಿ ಕೂರುತ್ತಾನೆ.

ಪೇಟೆಯ ಅಂಗಡಿಯೊಂದರಲ್ಲಿ ತೋರಿಸಿದೆ. ಅಲ್ಲಿದ್ದ ತರುಣ ಮುಚ್ಚಳವನ್ನು ಪೂರ್ತಿ ತೆರೆಯುವ ಶ್ರಮವನ್ನೂ ವಹಿಸದೆ, “ಫಾರ್ಮ್ಯಾಟ್ ಹೊಡೆದುಬಿಡೋಣ ಸಾರ್. ಇಲ್ಲಾಂದ್ರೆ ಎಕ್ಸ್‌ಚೇಂಜಿಗೆ ಹಾಕಿ ಹೊಸದು ತಗೊಳ್ಳಿ” ಎಂದ. ಫಾರ್ಮ್ಯಾಟ್ ಎಂದರೆ ಒಳಗಿರುವುದನ್ನೆಲ್ಲ ಒರೆಸಿ ಹಲಗೆಯನ್ನು ಹೊಸದು ಮಾಡುವುದು. ಎರಡು ಉಪಾಯಗಳೂ ನನಗೆ ಒಪ್ಪಿಗೆಯಾಗಲಿಲ್ಲ. ಹೊಸದಕ್ಕೆ ಕೇಳಿದ ಹಣ ಮಗಳ ಶಾಲೆಯ ಶುಲ್ಕದ ಪಕ್ಕದಲ್ಲಿ ನಿಂತಾಗ ಭಯಂಕರವಾಗಿ ಕಂಡಿತು ಎಂಬುದು ಒಂದು ಕಾರಣ. ಇನ್ನೊಂದು ಕಾರಣ, ಮೊದಲು ಹೇಳಿದ ಸಂಸ್ಕೃತದ ಅರ್ಥಕ್ಕೆ ಸೇರಿದ್ದು.

ನನ್ನ ಸೋದರತ್ತೆ ಕಂಪ್ಲಿಯವರು. ಓದು ಬರಹ ಬಾರದವರು. ಆದರೆ ಬೀಸುವ ಕಲ್ಲಿನ ಮುಂದೆ ಕುಳಿತರೆ ಅವರ ಬಾಯಿಯಿಂದ ಪದಗಳು ಹಿಟ್ಟಿನಂತೆಯೇ ನಾಲ್ಕೂ ಕಡೆಗೆ ಉದುರುತ್ತಿದ್ದುವು. 2014ರಲ್ಲಿ, ಎಂ.ಎ. ಮುಗಿಸಿದ ಹೊಸತರಲ್ಲಿ, ಒಂದು ಸಣ್ಣ ಧ್ವನಿಮುದ್ರಣ ಯಂತ್ರವನ್ನು ಅವರ ಮುಂದಿಟ್ಟು ಅರವತ್ತಮೂರು ಹಾಡುಗಳನ್ನು ಹಿಡಿದುಕೊಂಡೆ. 2019ರಲ್ಲಿ ಅತ್ತೆ ಹೋದರು. ಹಾಡುಗಳ ಒಂದು ಪ್ರತಿ ಸಿ.ಡಿ.ಗಳಲ್ಲಿದೆ. ಆದರೆ ಕಾಲ ಅವುಗಳ ಮೈಮೇಲೆ ತನ್ನ ಗೆರೆಗಳನ್ನು ಎಳೆದಿದೆ. ಹಾಡಿನ ಬದಲು ಕರಕರ ಶಬ್ದ ಬರುತ್ತದೆ. ಉಳಿದ ಪ್ರತಿ ಈ ಲ್ಯಾಪ್‌ಟಾಪಿನಲ್ಲಿ. ಹಂಪಿಯ ಹಾಳುಗುಡಿಗಳಲ್ಲಿ ನಿಧಿಗಳ್ಳರು ತೋಡಿದ ಗುಂಡಿಗಳನ್ನು ವಾಚಕರಲ್ಲಿ ಅನೇಕರು ನೋಡಿರಬಹುದು. ಒಳಗೇನಿದೆಯೆಂದು ತಿಳಿಯದೆ ಹಾರೆ ಹಾಕುವವರಿಗೂ, ಒಳಗೇನಿದೆಯೆಂದು ಕೇಳದೆ ಫಾರ್ಮ್ಯಾಟ್ ಹೊಡೆಯುವವರಿಗೂ ನನ್ನ ದೃಷ್ಟಿಯಲ್ಲಿ ಹೆಚ್ಚಿನ ಭೇದವಿಲ್ಲ.

ಆದ್ದರಿಂದ ಚಿಕಿತ್ಸೆಗೆ ಮೊದಲು ನಿದಾನವಾಗಲಿ ಎಂದುಕೊಂಡೆ. ಒಳ್ಳೆಯ ವೈದ್ಯ ಮೊದಲು ಕೇಳುವುದು, ‘ಯಾವಾಗ ಹೆಚ್ಚು, ಯಾವಾಗ ಕಡಿಮೆ?’ ಎಂದು. ಗಣಕದ ನಿಧಾನವೂ ಒಂದೇ ಬಗೆಯದಲ್ಲ. ಏಳುವಾಗ ಮಾತ್ರ ನಿಧಾನವೇ? ಏಳೆಂಟು ಪುಟಗಳನ್ನು ಒಟ್ಟಿಗೆ ತೆರೆದಾಗಲೇ? ಅಂತರಜಾಲದ ಕೆಲಸದಲ್ಲಷ್ಟೇ? ಮಧ್ಯಾಹ್ನ ಒಂದು ತೆರ, ರಾತ್ರಿ ಒಂದು ತೆರವೇ? ಅಂತರಜಾಲದಲ್ಲಿ ಮಾತ್ರ ನಿಧಾನವಾದರೆ ಯಂತ್ರವನ್ನು ಬೈದು ಫಲವಿಲ್ಲ, ತಪ್ಪು ತಂತಿಯದಿರಬಹುದು. ನಾಡಿ ನೋಡುವುದಕ್ಕೆ ಒಂದು ಸಾಧನವೂ ಯಂತ್ರದಲ್ಲಿಯೇ ಇದೆ. ವಿಂಡೋಸ್ ಇರುವ ಗಣಕದಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ‘ಟಾಸ್ಕ್ ಮ್ಯಾನೇಜರ್’ ತೆರೆದುಕೊಳ್ಳುತ್ತದೆ. ಲೆಕ್ಕ ಮಾಡುವ ಪ್ರೊಸೆಸರ್, ಕೆಲಸದ ವೇಳೆಯ ನೆನಪು, ಶಾಶ್ವತವಾಗಿ ಕೂಡಿಡುವ ಡಿಸ್ಕ್, ಹೊರಗಿನ ಸಂಪರ್ಕ, ಇವುಗಳಲ್ಲಿ ಯಾರು ಎಷ್ಟು ದುಡಿಯುತ್ತಿದ್ದಾರೆಂದು ಅದು ಶೇಕಡಾ ಲೆಕ್ಕದಲ್ಲಿ ತೋರಿಸುತ್ತದೆ. ಒಂದು ವಾರ ನಾನು ಅದನ್ನು ಜ್ವರದ ಪಟ್ಟಿಯ ಹಾಗೆ ಬರೆದಿಟ್ಟೆ. ನನ್ನಾಕೆ ಈ ಪಟ್ಟಿಯನ್ನು ನೋಡಿ, ಮಗಳಿಗೆ ನೆಗಡಿಯಾದಾಗ ಇಷ್ಟು ಮುತುವರ್ಜಿ ಕಾಣಲಿಲ್ಲವೆಂದಳು.

ಪಟ್ಟಿಯಿಂದ ಗೊತ್ತಾದದ್ದೇನೆಂದರೆ, ರೋಗ ಒಂದಲ್ಲ, ಮೂರು.

ಮೊದಲನೆಯದು ಜನಸಂದಣಿ. ಕೆಲಸದ ನೆನಪಿಗೆ ಈ ಯಂತ್ರದಲ್ಲಿದ್ದುದು ನಾಲ್ಕು ಜಿ.ಬಿ.ಯಷ್ಟು ಸ್ಥಳ. ಗುಂಡಿ ಒತ್ತಿದ ಕೂಡಲೆ ಕರೆಯದೆಯೇ ಎದ್ದು ಕೂರುವ ತಂತ್ರಾಂಶಗಳು ಹದಿನಾಲ್ಕು. ಎಂದೋ ಕೊಟ್ಟುಬಿಟ್ಟ ಪ್ರಿಂಟರಿನ ಸೇವಕನೂ ಅವುಗಳಲ್ಲೊಬ್ಬ. ಹುಣ್ಣಿಮೆಯ ದಿನ ಹೊಸಪೇಟೆಯಿಂದ ಹುಲಿಗಿಗೆ ಹೊರಡುವ ಬಸ್ಸನ್ನು ಕಂಡವರಿಗೆ ಮುಂದಿನದನ್ನು ವಿವರಿಸಬೇಕಾಗಿಲ್ಲ. ಅಮ್ಮನ ದರ್ಶನಕ್ಕೆ ಹೊರಟವರು ಬಾಗಿಲಲ್ಲಿ ಜೋತುಬೀಳುವರು. ಗಣಕದಲ್ಲಿ ಜೋತುಬೀಳುವುದಕ್ಕೆ ಅವಕಾಶವಿಲ್ಲ. ಸ್ಥಳ ಸಾಲದಿದ್ದಾಗ ಅದು ಕೆಲವರನ್ನು ಕೆಳಗಿಳಿಸಿ ಡಿಸ್ಕಿನ ಮೇಲೆ ಕೂರಿಸುತ್ತದೆ, ಅವರ ಸರದಿ ಬಂದಾಗ ಮತ್ತೆ ಹೋಗಿ ಕರೆತರುತ್ತದೆ. ಬಸ್ಸು ಮುಂದಕ್ಕೆ ಹೋಗುವ ಬದಲು ನಿಲ್ದಾಣಕ್ಕೂ ಗೇಟಿಗೂ ನಡುವೆ ಓಡಾಡುತ್ತಿರುತ್ತದೆ. ಕರೆಯದೆ ಬಂದವರಲ್ಲಿ ಹನ್ನೊಂದು ಮಂದಿಯನ್ನು ಅದೇ ಟಾಸ್ಕ್ ಮ್ಯಾನೇಜರಿನ ‘ಸ್ಟಾರ್ಟಪ್’ ಪಟ್ಟಿಯಲ್ಲಿ ನಿಲ್ಲಿಸಿದೆ. ಯಾರೂ ಕೋಪಿಸಿಕೊಳ್ಳಲಿಲ್ಲ. ಬೇಕಾದಾಗ ಕರೆದರೆ ಈಗಲೂ ಬರುತ್ತಾರೆ.

ಎರಡನೆಯದು ನಮ್ಮ ಸೀಮೆಗೇ ವಿಶೇಷವಾದದ್ದು. ಹಗಲು ಎರಡು ಗಂಟೆಗೆ ಕುಂಟುತ್ತಿದ್ದ ಯಂತ್ರ ರಾತ್ರಿ ಹತ್ತಕ್ಕೆ ಒಂದಿಷ್ಟು ಚುರುಕಾಗುತ್ತಿತ್ತು. ಮೇ ತಿಂಗಳಲ್ಲಿ ಹಂಪಿಯ ಬಂಡೆಗಳು ಹೊತ್ತು ಮುಳುಗಿದ ಮೇಲೆಯೂ ಕಾವು ಉಗುಳುವುದನ್ನು ಬಲ್ಲವರು ಪ್ರೊಸೆಸರಿನ ಪಾಡನ್ನು ಊಹಿಸಬಹುದು. ಅದರ ಕಾವು ನೂರು ಡಿಗ್ರಿಯ ಸಮೀಪಕ್ಕೆ ಏರಿದಾಗ ಅದು ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗವನ್ನು ತಗ್ಗಿಸಿಕೊಳ್ಳುತ್ತದೆ. ಬಿರುಬಿಸಿಲಿನಲ್ಲಿ ಕಲ್ಲು ಒಡೆಯುವವನು ನೆರಳಿಗೆ ಸರಿದು ಕೂತರೆ ಅವನನ್ನು ಮೈಗಳ್ಳನೆನ್ನುವುದು ನ್ಯಾಯವಲ್ಲ. ಬಿಸಿಗಾಳಿಯನ್ನು ಹೊರಗೆ ತಳ್ಳಬೇಕಾದ ಪುಟ್ಟ ಫ್ಯಾನು ಏದುಸಿರು ಬಿಡುತ್ತಿತ್ತು. ಅದನ್ನು ಬಿಚ್ಚಿಸಲು, ಕಂಪ್ಲಿ ಕಡೆಯಿಂದ ಬಂದು ಹೊಸಪೇಟೆಯ ಓಣಿಯೊಂದರಲ್ಲಿ ಸಣ್ಣ ಅಂಗಡಿ ಇಟ್ಟಿರುವ ಒಬ್ಬ ರಿಪೇರಿಯವನ ಹತ್ತಿರ ಹೋದೆ.

ಈತ ಮಿತಭಾಷಿ. ಹಿಂಬದಿಯ ತಿರುಪುಗಳನ್ನು ತೆಗೆದು, ಬ್ಯಾಟರಿಯ ಸಂಪರ್ಕವನ್ನು ಮೊದಲು ಕಳಚಿ, ಒಳಗೆ ಇಣುಕಿದವನೇ, “ಸಂಡೂರ್ ರೋಡಿನ್ಯಾಗ ಓಡಾಡೋ ಮಿಷನ್ ಇದು, ಹೌದಲ್ರಿ ಸಾರ್?” ಎಂದ. ನಾನು ಬೆರಗಾದೆ. ಅವನಿಗೆ ಧೂಳೇ ಜಾತಕವಂತೆ. ಕಂಪ್ಲಿಯಿಂದ ಬಂದ ಯಂತ್ರದಲ್ಲಿ ಅಕ್ಕಿ ಗಿರಣಿಗಳ ತೌಡಿನ ಹುಡಿ. ಹಂಪಿ ಕಡೆಯದಾದರೆ ನುಣ್ಣನೆಯ ಮರಳು. ಸಂಡೂರಿನದಾದರೆ ಅದಿರಿನ ಕೆಂಪು. ನನ್ನ ಯಂತ್ರದ ಫ್ಯಾನಿನ ಮುಂದೆ, ಗಾಳಿ ಹಾಯುವ ಸಣ್ಣ ಸಣ್ಣ ತಗಡುಗಳ ಸಂದಿನಲ್ಲಿ, ಕುಂಕುಮದ ಬಣ್ಣದ ಒಂದು ಕಂಬಳಿಯೇ ನೇಯ್ದುಕೊಂಡಿತ್ತು. 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿತ್ತು. ಆಮೇಲೆ ಕಟ್ಟುಪಾಡಿನೊಳಗೆ ಅವು ಮತ್ತೆ ತೆರೆದುವು. ಲಾರಿಗಳು ಮೊದಲಿನ ಲೆಕ್ಕದಲ್ಲಿಲ್ಲ. ಆದರೂ ಬಸ್ಸಿನ ಕಿಟಕಿಯ ಪಕ್ಕದಲ್ಲಿ ತೊಡೆಯ ಮೇಲೆ ಚೀಲವಿಟ್ಟುಕೊಂಡು ವರ್ಷಗಟ್ಟಲೆ ಓಡಾಡಿದವನ ಬಿಳಿ ಅಂಗಿ ಏನು ಬಲ್ಲುದೋ ಯಂತ್ರವೂ ಅದನ್ನೇ ಬಲ್ಲುದು. ಆತ ಫ್ಯಾನು ತಿರುಗದಂತೆ ಒಂದು ಕಡ್ಡಿಯಿಂದ ಹಿಡಿದು ಬ್ರಷ್ಷಿನಿಂದ ಗುಡಿಸಿದ. ಒಣಗಿಹೋಗಿದ್ದ ಶಾಖವಾಹಕ ಲೇಪವನ್ನು ಒರೆಸಿ ಹೊಸದನ್ನು ಸಾಸಿವೆಯಷ್ಟು ಇಟ್ಟ. ಏದುಸಿರು ನಿಂತಿತು.

ಆದರೆ ಬೆಳಗಿನ ಪ್ರದಕ್ಷಿಣೆ ನಿಲ್ಲಲಿಲ್ಲ. ಮೂರನೆಯ ರೋಗ ಉಳಿದೇ ಇತ್ತು, ಅದೇ ದೊಡ್ಡದು.

ನನ್ನ ಪಟ್ಟಿಯಲ್ಲಿ ಒಂದು ವಿಚಿತ್ರ ಮತ್ತೆ ಮತ್ತೆ ಕಂಡಿತ್ತು. ಡಿಸ್ಕು ಶೇಕಡಾ ನೂರರಷ್ಟು ದುಡಿಯುತ್ತಿದೆಯೆಂದು ತೋರಿಸುವುದು. ಅದು ಸಾಗಿಸಿದ ಮಾಲನ್ನು ನೋಡಿದರೆ ಸೆಕೆಂಡಿಗೆ ಒಂದು ಎಂ.ಬಿ.ಯೂ ಇಲ್ಲ! ಹೊಲವೆಲ್ಲ ಉತ್ತು ಬಂದಷ್ಟು ಬೆವರಿದ ಎತ್ತು ಕೊಟ್ಟಿಗೆಯಿಂದ ಹೊರಗೇ ಹೋಗಿಲ್ಲವೆಂದ ಹಾಗೆ. ಹಾರ್ಡ್ ಡಿಸ್ಕ್ ಎಂಬುದರ ಒಳಗೆ ಕನ್ನಡಿಯಂಥ ಬಿಲ್ಲೆಗಳಿವೆ. ನನ್ನದರಲ್ಲಿ ಅವು ನಿಮಿಷಕ್ಕೆ 5400 ಸುತ್ತು, ಎಂದರೆ ಸೆಕೆಂಡಿಗೆ 90 ಸುತ್ತು ತಿರುಗುತ್ತವೆ. ಓದುವ ಮೊನೆ ಗ್ರಾಮಫೋನಿನ ಮುಳ್ಳಿನಂತೆ ಬಿಲ್ಲೆಯನ್ನು ಮುಟ್ಟುವುದಿಲ್ಲ. ಕೂದಲೆಳೆಗಿಂತ ಎಷ್ಟೋ ಕಡಿಮೆ ಎತ್ತರದಲ್ಲಿ, ಗಾಳಿಯ ಪದರದ ಮೇಲೆ ತೇಲುತ್ತದೆ. ವಯಸ್ಸಾದ ಬಿಲ್ಲೆಯಲ್ಲಿ ಅಲ್ಲಲ್ಲಿ ಗುರುತು ಮಾಸುತ್ತದೆ. ಆಗ ಡಿಸ್ಕು ಏನು ಮಾಡುತ್ತದೆ? ‘ಓದಲಾರೆ’ ಎಂದು ಕೂಡಲೆ ಕೈಚೆಲ್ಲುವುದಿಲ್ಲ. ಬಿಲ್ಲೆ ಮತ್ತೊಮ್ಮೆ ಸುತ್ತಿ ಬರುವವರೆಗೆ ಕಾದು, ಅದೇ ಜಾಗವನ್ನು ಇನ್ನೊಮ್ಮೆ, ಮಗದೊಮ್ಮೆ ಓದಿ ನೋಡುತ್ತದೆ.

ಇದನ್ನು ತಿಳಿದಾಗ ನನಗೆ ನೆನಪಾದದ್ದು ಹಸ್ತಪ್ರತಿಗಳ ಸಂಪಾದಕರು. 1991ರಲ್ಲಿ ಸ್ಥಾಪಿತವಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಹಸ್ತಪ್ರತಿಗಳ ಅಧ್ಯಯನಕ್ಕೇ ಒಂದು ವಿಭಾಗವಿದೆ. ತಾಳೆಗರಿಯನ್ನು ಓದುವ ವಿದ್ವಾಂಸರು ಹುಳು ತಿಂದ ಒಂದು ಅಕ್ಷರದ ಮುಂದೆ ನಿಂತುಬಿಡುತ್ತಾರೆ. ಬೆಳಕಿಗೆ ಓರೆ ಹಿಡಿಯುತ್ತಾರೆ, ಮಸಿ ಸವರುತ್ತಾರೆ, ಕನ್ನಡಕ ತೆಗೆದು ನೋಡುತ್ತಾರೆ. ಹೊರಗಿನಿಂದ ಬಂದವನಿಗೆ, ‘ಈತ ಅರ್ಧ ಗಂಟೆಯಿಂದ ಒಂದೇ ಗರಿ ಹಿಡಿದು ಕೂತಿದ್ದಾನೆ, ಎಷ್ಟು ನಿಧಾನ!’ ಎನಿಸಬಹುದು. ಒಂದು ಅಕ್ಷರವನ್ನೂ ಬಿಡಬಾರದೆಂಬ ಶ್ರದ್ಧೆಗೆ ಹೊರಗಿನಿಂದ ಕಾಣುವ ರೂಪ ಅದು. ನನ್ನ ಮೇಜಿನ ಮೇಲೆಯೂ ಅದೇ ನಡೆದಿತ್ತು.

ಡಿಸ್ಕುಗಳು ತಮ್ಮ ಆರೋಗ್ಯದ ದಿನಚರಿಯನ್ನು ತಾವೇ ಬರೆದಿಡುತ್ತವೆ. ಅದಕ್ಕೆ ‘ಸ್ಮಾರ್ಟ್’ ಎಂದು ಹೆಸರು. ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ತಂತ್ರಾಂಶದಿಂದ ಆ ದಿನಚರಿಯನ್ನು ತೆರೆದು ನೋಡಿದಾಗ ನೀಲಿ ಇರಬೇಕಾದ ಕಡೆ ಹಳದಿ ಬಣ್ಣವಿತ್ತು. ಕೆಟ್ಟ ಜಾಗಗಳನ್ನು ಬಿಟ್ಟು ಮೀಸಲು ಜಾಗಕ್ಕೆ ಅಕ್ಷರಗಳನ್ನು ಸಾಗಿಸಿದ ಲೆಕ್ಕವಿತ್ತು. ಓದಲಾಗದೆ ಸರದಿ ಕಾಯುತ್ತಿರುವ ಜಾಗಗಳ ಲೆಕ್ಕವೂ ಇತ್ತು. ಇಂಥ ಹೊತ್ತಿನಲ್ಲಿ ರಿಪೇರಿಯವನು ಹೇಳಿದ ಒಂದು ಮಾತನ್ನು ಗೃಹಸ್ಥರೆಲ್ಲರೂ ಕೇಳಿಸಿಕೊಳ್ಳುವುದು ಲೇಸು: “ಈಗ ಇದನ್ನ ಡಿಫ್ರಾಗ್ ಮಾಡೋದು, ರಿಪೇರಿ ಸ್ಕ್ಯಾನ್ ಓಡಿಸೋದು ಏನೂ ಬ್ಯಾಡ್ರಿ ಸಾರ್. ಮುದುಕರಿಗೆ ಕವಾಯತು ಮಾಡಿಸ್ದಂಗ ಆಗ್ತೈತೆ. ಮೊದ್ಲು ಬೇಕಾದ್ದು ತಕ್ಕೊಳ್ರಿ.” ಬೇಕಾದದ್ದು ಎಂದರೆ ಎಲ್ಲವೂ ಅಲ್ಲ, ಮತ್ತೆಲ್ಲಿಯೂ ಸಿಕ್ಕದ್ದು ಮೊದಲು. ಸಿನಿಮಾ ಹಾಡುಗಳು ಲೋಕದಲ್ಲಿ ಹೇರಳವಾಗಿವೆ. ಕಂಪ್ಲಿಯ ಅತ್ತೆ ಒಬ್ಬರೇ.

ಹೊರಗಿನ ಒಂದು ಡಿಸ್ಕನ್ನು ಜೋಡಿಸಿ ಅತ್ತೆಯ ಕಡತದಿಂದಲೇ ನಕಲು ಆರಂಭಿಸಿದೆವು. ಮೊದಲ ನಲವತ್ತು ಹಾಡುಗಳು ಸರಾಗವಾಗಿ ಬಂದುವು. ಮುಂದೆ ಯಂತ್ರ ತಡವರಿಸಿತು. ಟಿಕ್ ಎಂದು ಒಂದು ಸದ್ದು, ಮೌನ, ಮತ್ತೆ ಟಿಕ್. ರಾತ್ರಿ ಮನೆಗೆ ತಂದು ಬಿಚ್ಚಿದ ಕಿಟಕಿಯ ಪಕ್ಕದಲ್ಲಿಟ್ಟು ಕಾದೆ. ಒಂದೊಂದು ಹಾಡಿಗೂ ಕಾಲು ಗಂಟೆ, ಅರ್ಧ ಗಂಟೆ. ಆ ರಾತ್ರಿ ಅದರ ನಿಧಾನದ ಮೇಲೆ ನನಗೆ ಸಿಟ್ಟು ಬರಲಿಲ್ಲ. ‘ಆತುರಬೇಡ, ಇನ್ನೊಮ್ಮೆ ನೋಡು’ ಎಂದು ಹೇಳಬೇಕೆನಿಸಿತು. ಬೆಳಗಿನ ಜಾವ ಐದಕ್ಕೆ ಅರವತ್ತೆರಡು ಹಾಡುಗಳು ಈ ದಡಕ್ಕೆ ಬಂದಿದ್ದುವು. ಒಂದು ಬರಲಿಲ್ಲ, ಗಂಡನ ಮನೆಗೆ ಹೊರಟ ಮಗಳಿಗೆ ತಾಯಿ ಬುದ್ಧಿ ಹೇಳುವ ಪದ ಅದು. ಎಷ್ಟು ಸಲ ಬೇಡಿದರೂ ಅರ್ಧಕ್ಕೇ ನಿಂತಿತು.

ಇನ್ನು ಮುಂದಿನದು ಸುಲಭ. ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದು 2024ರ ಆಗಸ್ಟ್ 10ರ ರಾತ್ರಿ ಸರಪಳಿ ಹರಿದು ಕೊಚ್ಚಿಹೋದಾಗ ನಮ್ಮ ಊರಿಗೆ ಊರೇ ನಿದ್ದೆಗೆಟ್ಟಿತ್ತು. ಆಗ ಯಾರೂ ಎಪ್ಪತ್ತು ವರ್ಷದ ಅಣೆಕಟ್ಟನ್ನು ಎಕ್ಸ್‌ಚೇಂಜಿಗೆ ಹಾಕೋಣವೆನ್ನಲಿಲ್ಲ. ಹರಿಯುವ ನೀರಿನಲ್ಲಿಯೇ ಉಕ್ಕಿನ ಅಡ್ಡಪಟ್ಟಿಗಳನ್ನು ಇಳಿಸಿ ನೀರನ್ನು ಉಳಿಸಿಕೊಂಡರು. ಯಂತ್ರದಲ್ಲಿಯೂ ಹರಿದ ಕೊಂಡಿ ಒಂದೇ. 2025ರ ದೀಪಾವಳಿಯ ರಜೆಯಲ್ಲಿ ಹಳೆಯ ಡಿಸ್ಕನ್ನು ತೆಗೆದು, ಅದೇ ಗೂಡಿನಲ್ಲಿ ಕೂರುವ ಎಸ್.ಎಸ್.ಡಿ. ಎಂಬುದನ್ನು ಹಾಕಿಸಿದೆ. ಅದರಲ್ಲಿ ತಿರುಗುವ ಬಿಲ್ಲೆಯೂ ಇಲ್ಲ, ತೇಲುವ ಮೊನೆಯೂ ಇಲ್ಲ. ಆದ್ದರಿಂದ ಸುತ್ತಿ ಬರುವವರೆಗೆ ಕಾಯುವ ಮಾತೂ ಇಲ್ಲ. ನೆನಪನ್ನು ನಾಲ್ಕರಿಂದ ಎಂಟು ಜಿ.ಬಿ.ಗೆ ಏರಿಸಿದ್ದಾಯಿತು. ಹೊಸ ಯಂತ್ರಕ್ಕೆ ಕೇಳಿದ ಹಣದಲ್ಲಿ ಆರನೆಯ ಒಂದು ಪಾಲೂ ಖರ್ಚಾಗಲಿಲ್ಲ.

ವಿಂಡೋಸ್ 10ಕ್ಕೆ ದೊರೆಯುತ್ತಿದ್ದ ಸಾಮಾನ್ಯ ಬೆಂಬಲ ಆ ವರ್ಷದ ಅಕ್ಟೋಬರ್ 14ಕ್ಕೆ ಮುಗಿದಿತ್ತು. ವಿಂಡೋಸ್ 11 ಇಷ್ಟು ಹಳೆಯ ಪ್ರೊಸೆಸರನ್ನು ತನ್ನ ಪಂಕ್ತಿಯಲ್ಲಿ ಕೂರಿಸುವುದಿಲ್ಲ. ಆದ್ದರಿಂದ ಉಚಿತವಾದ ಲಿನಕ್ಸನ್ನು ಹಾಕಿಸಿದೆ. ಕೀಲಿಮಣೆಯ ಪಟ್ಟಿಯಲ್ಲಿ ಕನ್ನಡವನ್ನು ಹುಡುಕಿದಾಗ ‘ಕಗಪ’ ಎಂದು ಕಂಡಿತು. ಕನ್ನಡ ಗಣಕ ಪರಿಷತ್ತಿನ ಹೆಸರು, ಜಗತ್ತಿನ ಯಾವ ಮೂಲೆಯಲ್ಲಿ ಕುಳಿತವನಿಗೂ ಕಾಣುವಂತೆ! ಸಂತೋಷವಾಯಿತು. ಸಂತೋಷ ಬಹಳ ಹೊತ್ತು ನಿಲ್ಲಲಿಲ್ಲ. ಹಾಡುಗಳ ಸಾಹಿತ್ಯವನ್ನು ನಾನು ಹಿಂದೆ ‘ನುಡಿ’ಯ ಹಳೆಯ ಅಕ್ಷರಶೈಲಿಯಲ್ಲಿ ಬೆರಳಚ್ಚು ಮಾಡಿಟ್ಟಿದ್ದೆ. ಆ ಕಡತವನ್ನು ತೆರೆದರೆ ಅತ್ತೆಯ ತ್ರಿಪದಿಗಳ ಜಾಗದಲ್ಲಿ ರೋಮನ್ ಅಕ್ಷರಗಳೂ ಚಿಹ್ನೆಗಳೂ ಕುಸ್ತಿಯಾಡುತ್ತಿದ್ದುವು. ಆ ಕಾಲದ ಕಡತಗಳಲ್ಲಿ ಒಳಗಿರುವುದು ರೋಮನ್ ಲಿಪಿಯ ಸಂಕೇತಗಳೇ. ಅಕ್ಷರಶೈಲಿಯೆಂಬ ಉಡುಪು ತೊಡಿಸಿದರೆ ಮಾತ್ರ ಕನ್ನಡವಾಗಿ ಕಾಣುತ್ತವೆ. ಯುನಿಕೋಡ್ ಬಂದ ಮೇಲೆಯೇ ಕನ್ನಡದ ‘ಅ’ಕ್ಕೆ ತನ್ನದೇ ಆದ ಸಂಖ್ಯೆ ದೊರೆತದ್ದು. ಪರಿವರ್ತಿಸುವ ತಂತ್ರಾಂಶಗಳಿವೆ, ಕೆಲವು ಒತ್ತಕ್ಷರಗಳು ಕಾಲು ಮುರಿದುಕೊಂಡು ಬಂದುವಾದರೂ ಉಳಿದುವು ಕ್ಷೇಮ. ನಾಡಿನಲ್ಲಿ ಎಷ್ಟು ಮನೆಗಳ ಎಷ್ಟು ಪ್ರಬಂಧಗಳು, ವಂಶಾವಳಿಗಳು, ಲಗ್ನಪತ್ರಿಕೆಗಳು ಹೀಗೆ ಉಡುಪು ಕಳೆದುಕೊಂಡು ಕೂತಿವೆಯೋ!

ಈಗ ಯಂತ್ರ ಗುಂಡಿ ಒತ್ತಿದ ಅರ್ಧ ನಿಮಿಷದೊಳಗೆ ಏಳುತ್ತದೆ. ನನ್ನ ಕಾಫಿ ತಣ್ಣಗಾಗುತ್ತದೆ. ಹಳೆಯ ಡಿಸ್ಕನ್ನು ಒಂದು ಕರವಸ್ತ್ರದಲ್ಲಿ ಸುತ್ತಿ ಬೀರುವಿನಲ್ಲಿ ಇಟ್ಟಿದ್ದೇನೆ.

ಬಾರದೆ ಉಳಿದ ಆ ಒಂದು ಹಾಡಿಗಾಗಿ ಸಂಕ್ರಾಂತಿಯ ಮರುದಿನ ಕಂಪ್ಲಿಗೆ ಹೋದೆ. ಅತ್ತೆಯ ಹಿರಿಯ ಮಗಳು, ನನಗೆ ಅತ್ತಿಗೆಯಾಗಬೇಕಾದವರು, ಈಗ ಆ ಮನೆಯ ಯಜಮಾನಿ. ಅರವತ್ತೆರಡರಲ್ಲಿ ಒಂದೆರಡನ್ನು ಕೇಳಿಸಿದೆ. ತಾಯಿಯ ದನಿ ಕೇಳಿ ಅವರು ಸೆರಗಿನ ಚುಂಗನ್ನು ಬಾಯಿಗೆ ಒತ್ತಿಕೊಂಡು ಸುಮ್ಮನೆ ಕೂತರು. ಆಮೇಲೆ, “ಆ ಮಗಳ ಪದ ನಮ್ಮವ್ವ ಹಾಡಿದ್ದೇ ತಪ್ಪು ಬಿಡಪ್ಪ. ಮೂರನೇ ನುಡಿ ಎರಡನೇದು ಮಾಡಿದ್ಲು. ನಾನು ಸರಿಯಾದ್ದು ಹೇಳ್ತೀನಿ, ಹಿಡ್ಕೋ” ಎಂದು ಗಂಟಲು ಸರಿಮಾಡಿಕೊಂಡು ಆರಂಭಿಸಿಯೇಬಿಟ್ಟರು. ನಾನು ಲ್ಯಾಪ್‌ಟಾಪಿನ ಧ್ವನಿಮುದ್ರಣವನ್ನು ಅಣಿಮಾಡುವುದರೊಳಗೆ ಎರಡು ನುಡಿ ಓಡಿಹೋಗಿತ್ತು.

“ಅತ್ತಿಗೆ, ಸ್ವಲ್ಪ ನಿಧಾನವಾಗಿ ಹಾಡ್ರಿ” ಎಂದೆ.

“ಬೀಸೋ ಪದ ನಿಧಾನ ಹಾಡಿದ್ರೆ ಹಿಟ್ಟು ಹೆಂಗ್ ಬೀಳ್ತೈತಪ್ಪ?” ಎಂದು ಅವರು ಮೊದಲಿನಿಂದ ಎತ್ತಿಕೊಂಡರು.